ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡಾಗ ಸುರಕ್ಷಿತವಾಗಿ ಹೊರಬರುವ ಕುರಿತು ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಕಟ್ಟಡಗಳಲ್ಲಿ ಸಂಭವಿಸುವ ಅಗ್ನಿ ಅನಾಹುತಗಳಲ್ಲಿ ಹೆಚ್ಚಿನ ಸಾವುಗಳಿಗೆ ಜ್ವಾಲೆಗಿಂತ ಹೊಗೆಯೇ ಕಾರಣವಾಗಿರುತ್ತದೆ. ಫೋಮ್ ಹಾಸಿಗೆ, ಪ್ಲಾಸ್ಟಿಕ್ ಸಾಮಗ್ರಿ, ವಿದ್ಯುತ್ ತಂತಿಯ ಹೊದಿಕೆ ಮುಂತಾದವು ಉರಿದಾಗ ಹೊರಡುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನಿಲವಿರುತ್ತದೆ. ಇದಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದಿರುವುದರಿಂದ ಮಲಗಿರುವವರು ಎಚ್ಚರಗೊಳ್ಳದೆಯೇ ಪ್ರಜ್ಞೆ ಕಳೆದುಕೊಳ್ಳುವ ಸಂಭವವಿದೆ. 2019ರ ಏಪ್ರಿಲ್ 26ರಂದು ಕಾರವಾರ ಬಂದರನ್ನು ಪ್ರವೇಶಿಸುತ್ತಿದ್ದ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯದಲ್ಲಿ ಬೆಂಕಿ ಕಾಣಿಸಿಕೊಂಡಿತು. ಅದನ್ನು ನಂದಿಸುವ ಕಾರ್ಯದ ನೇತೃತ್ವ ವಹಿಸಿದ್ದ ಲೆಫ್ಟಿನೆಂಟ್ ಕಮಾಂಡರ್ ಡಿ.ಎಸ್. ಚೌಹಾಣ್ ಅವರು ಹೊಗೆಯಿಂದ ಪ್ರಜ್ಞೆ ತಪ್ಪಿ ಬಿದ್ದು ನಂತರ ನಿಧನರಾದರು. ತರಬೇತಿ ಪಡೆದ ಅಧಿಕಾರಿಗೇ ಹೊಗೆಯು ಮಾರಕವಾಯಿತು ಎಂಬುದನ್ನು ಗಮನಿಸಿದರೆ, ಸಾಮಾನು ತೆಗೆದುಕೊಳ್ಳಲೆಂದು ಹೊಗೆ ತುಂಬಿದ ಕೋಣೆಗೆ ಮರಳುವುದು ಎಷ್ಟು ಅಪಾಯಕರವೆಂಬುದು ಸ್ಪಷ್ಟವಾಗುತ್ತದೆ.

ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಕಾರ್ಲ್‌ಟನ್ ಟವರ್ಸ್ ಎಂಬ ಏಳು ಅಂತಸ್ತಿನ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಸಂಭವಿಸಿದ ದುರಂತದಲ್ಲಿ 9 ಜನರು ಮೃತಪಟ್ಟರು. ವಿದ್ಯುತ್ ಕೇಬಲ್‌ಗಳ ಕೊಳವೆ ಮಾರ್ಗದಲ್ಲಿ ಹುಟ್ಟಿದ ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿಕೊಂಡಿತು. ತುರ್ತು ನಿರ್ಗಮನದ ಬಾಗಿಲುಗಳಿಗೆ ಬೀಗ ಹಾಕಲಾಗಿತ್ತೆಂದು ವರದಿಯಾಯಿತು. ದಾರಿ ಕಾಣದ ಹಲವರು ಕಿಟಕಿಗಳಿಂದ ಜಿಗಿದರು. ಮೆಟ್ಟಿಲು ತೆರೆದಿದ್ದು, ಹೊರಹೋಗುವ ದಾರಿ ಎಲ್ಲರಿಗೂ ತಿಳಿದಿದ್ದರೆ ಇಂತಹ ಜಿಗಿತಕ್ಕೆ ಅವಕಾಶವೇ ಇರುವುದಿಲ್ಲ.

ಬೆಂಕಿ ಅಥವಾ ಹೊಗೆ ಕಂಡ ಕೂಡಲೇ ಕೂಗಿ ಇತರರನ್ನು ಎಚ್ಚರಿಸಿ, ಮೆಟ್ಟಿಲಿನ ಮೂಲಕ ಕೆಳಗಿಳಿಯತಕ್ಕದ್ದು. ಲಿಫ್ಟ್ ಬಳಸಕೂಡದು, ವಿದ್ಯುತ್ ಕಡಿತಗೊಂಡರೆ ಅದು ನಡುವೆಯೇ ನಿಲ್ಲುತ್ತದೆ, ಅದರ ಗುಂಡಿಯು ಚಿಮಣಿಯಂತೆ ಹೊಗೆಯನ್ನು ಮೇಲಕ್ಕೆಳೆಯುತ್ತದೆ. ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು. ಬಿಸಿಯಾಗಿದ್ದರೆ ತೆರೆಯಬಾರದು. ಹೊಗೆಯಲ್ಲಿ ಸಾಗಲೇಬೇಕಾದಲ್ಲಿ ನೆಲಕ್ಕೆ ಸಮೀಪವಾಗಿ ತೆವಳಿಕೊಂಡು ಹೋಗುವುದು ಉತ್ತಮ, ಏಕೆಂದರೆ ಬಿಸಿ ಹೊಗೆ ಮೇಲೇರಿ ನೆಲದ ಬಳಿ ಸ್ವಲ್ಪ ಶುದ್ಧ ಗಾಳಿ ಉಳಿದಿರುತ್ತದೆ. ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿಯುವುದರಿಂದ ಮಸಿ ಸ್ವಲ್ಪ ಮಟ್ಟಿಗೆ ತಡೆಯಲ್ಪಡುತ್ತದೆಯೇ ಹೊರತು ವಿಷಾನಿಲವಲ್ಲ. ಆ ಬಟ್ಟೆಯನ್ನು ನಂಬಿ ಹೊಗೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಸರಿಯಲ್ಲ. ಹೊರಡುವಾಗ ಹಿಂದಿನ ಬಾಗಿಲುಗಳನ್ನು ಬೀಗ ಹಾಕದೆ ಎಳೆದುಕೊಂಡು ಬಂದರೆ ಬೆಂಕಿ ಹರಡುವುದು ನಿಧಾನವಾಗುತ್ತದೆ.

ಮೆಟ್ಟಿಲೇ ಹೊಗೆಯಿಂದ ತುಂಬಿದ್ದಲ್ಲಿ ಕೋಣೆಯಲ್ಲಿಯೇ ಉಳಿದು, ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಟವೆಲ್ ಅಥವಾ ಸೀರೆಯನ್ನು ತುರುಕಿ, ಕಿಟಕಿಯ ಬಳಿ ನಿಂತು ಬಣ್ಣದ ಬಟ್ಟೆ ಬೀಸಿ ಗಮನ ಸೆಳೆಯಬೇಕು. ಹೊರಗಿನಿಂದ ಹೊಗೆ ಬರುತ್ತಿದ್ದರೆ ಕಿಟಕಿಯನ್ನು ಮುಚ್ಚಬೇಕು. ಕರಾವಳಿಯಲ್ಲಿ ಮಧ್ಯಾಹ್ನದ ನಂತರ ಸಮುದ್ರದ ಗಾಳಿ ಬಲವಾಗಿ ಬೀಸುವುದರಿಂದ, ಬೆಂಕಿ ಇರುವ ಕೋಣೆಯ ಕಿಟಕಿ ಬಾಗಿಲುಗಳನ್ನು ತೆರೆದರೆ ಉರಿ ಹೆಚ್ಚುವುದೆಂಬುದನ್ನು ನೆನಪಿಡತಕ್ಕದ್ದು. ಮೈಮೇಲಿನ ಬಟ್ಟೆಗೆ ಬೆಂಕಿ ತಗುಲಿದರೆ ಓಡದೆ ನೆಲದ ಮೇಲೆ ಮಲಗಿ ಹೊರಳಬೇಕು. ಸುಟ್ಟ ಗಾಯಕ್ಕೆ ಶಾಯಿ, ಟೂತ್‌ಪೇಸ್ಟ್ ಹಚ್ಚದೆ, ಸುಮಾರು 20 ನಿಮಿಷ ತಣ್ಣೀರು ಹರಿಸಿ ವೈದ್ಯರ ಬಳಿ ಕರೆದೊಯ್ಯಬೇಕು.

ಕಳ್ಳರ ಭಯದಿಂದ ಕಿಟಕಿಗಳಿಗೆ ಅಳವಡಿಸುವ ಸ್ಥಿರ ಕಬ್ಬಿಣದ ಗ್ರಿಲ್ ಮತ್ತು ರಾತ್ರಿ ಬೀಗ ಹಾಕುವ ಮಡಚುವ ಗೇಟು ಬೆಂಕಿಯ ಸಮಯದಲ್ಲಿ ಮನೆಯವರನ್ನೇ ಬಂಧಿಸುತ್ತವೆ. ಪ್ರತಿ ಅಂತಸ್ತಿನಲ್ಲಿ ಕನಿಷ್ಠ ಒಂದು ಗ್ರಿಲ್ಲಾದರೂ ಒಳಗಿನಿಂದ ತೆರೆಯುವಂತಿದ್ದು, ಗೇಟಿನ ಬೀಗದ ಕೈ ಮಕ್ಕಳೂ ವೃದ್ಧರೂ ಸೇರಿದಂತೆ ಮನೆಯವರೆಲ್ಲರಿಗೂ ತಿಳಿದ ಜಾಗದಲ್ಲಿರಬೇಕು. ಹೆಂಚಿನ ಮನೆಗಳ ಅಟ್ಟದಲ್ಲಿ ಮಳೆಗಾಲಕ್ಕೆಂದು ಸಂಗ್ರಹಿಸಿದ ಕಟ್ಟಿಗೆ, ತೆಂಗಿನ ಗರಿ ಮತ್ತು ಕಾಯಿಸಿಪ್ಪೆಗಳು ವಿದ್ಯುತ್ ತಂತಿಗೆ ತಾಗದಂತೆ ನೋಡಿಕೊಳ್ಳುವುದು ಅವಶ್ಯ. ಮೆಟ್ಟಿಲಿನ ಕೆಳಗೆ ದ್ವಿಚಕ್ರ ವಾಹನ ನಿಲ್ಲಿಸುವ ರೂಢಿಯೂ ಕೈಬಿಡತಕ್ಕದ್ದು. ಪೆಟ್ರೋಲ್ ಇರುವ ವಾಹನಕ್ಕೆ ಬೆಂಕಿ ತಗುಲಿದರೆ ಇಳಿಯುವ ಏಕೈಕ ದಾರಿಯೂ ಮುಚ್ಚಿಹೋಗುತ್ತದೆ.

ಹೊರಬಂದ ನಂತರವೇ, ಅಥವಾ ಒಳಗೆ ಸಿಲುಕಿದ್ದಲ್ಲಿ ಅಲ್ಲಿಂದಲೇ, 101 ಅಥವಾ 112ಕ್ಕೆ ಕರೆ ಮಾಡಬೇಕು. ಊರು, ಬೀದಿ, ಹತ್ತಿರದ ಗುರುತು, ಎಷ್ಟನೆಯ ಅಂತಸ್ತು, ಒಳಗೆ ಎಷ್ಟು ಜನರಿದ್ದಾರೆ, ವಾಹನ ಬರುವಷ್ಟು ಅಗಲದ ರಸ್ತೆ ಯಾವುದು ಎಂಬುದನ್ನು ತಿಳಿಸಿ, ಆ ಕಡೆಯವರು ಹೇಳುವವರೆಗೆ ಕರೆಯನ್ನು ಕಡಿತಗೊಳಿಸಬಾರದು. ಕಾರವಾರ ಮತ್ತು ಅಂಕೋಲಾ ಪಟ್ಟಣಗಳ ನಡುವೆ 30 ಕಿ.ಮೀ.ಗೂ ಹೆಚ್ಚಿನ ಅಂತರವಿದ್ದು, ಪ್ರಮುಖ ಸಂಪರ್ಕ ರಾಷ್ಟ್ರೀಯ ಹೆದ್ದಾರಿ 66. ಇದೇ ಹೆದ್ದಾರಿಯು 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹಲವು ದಿನ ಮುಚ್ಚಿತ್ತು. ನೆರೆಯ ಠಾಣೆಯ ನೆರವು ತಡವಾಗಬಹುದಾದ್ದರಿಂದ ಮೊದಲ ಕೆಲವು ನಿಮಿಷಗಳಲ್ಲಿ ನಿವಾಸಿಗಳೇ ಹೊರಬರುವ ವ್ಯವಸ್ಥೆ ಮಾಡಿಕೊಂಡಿರಬೇಕು. ಎಲ್ಲರೂ ಸೇರುವ ಒಂದು ಸ್ಥಳವನ್ನು ಮೊದಲೇ ನಿಗದಿಪಡಿಸಿ, ಅಲ್ಲಿ ತಲೆ ಎಣಿಕೆ ಮಾಡಿ, ಕಾಣೆಯಾದವರ ವಿವರವನ್ನು ಅಗ್ನಿಶಾಮಕ ಸಿಬ್ಬಂದಿಗೆ ತಿಳಿಸಬೇಕು.

ಬಹುಮಹಡಿ ಕಟ್ಟಡ ನಿರ್ಮಿಸಲು ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಸಲ್ಲಿಸುವವರು ನಕ್ಷೆಯಲ್ಲಿ ತೋರಿಸಿದ ಮೆಟ್ಟಿಲು, ನಿರ್ಗಮನದ ಬಾಗಿಲು ಹಾಗೂ ವಾಹನ ಸುತ್ತಾಡುವ ತೆರೆದ ಜಾಗವನ್ನು ನಂತರದಲ್ಲಿ ಗೋದಾಮು ಅಥವಾ ಅಂಗಡಿಯಾಗಿ ಮಾರ್ಪಡಿಸಕೂಡದು. ಬಾಡಿಗೆದಾರರು ಮತ್ತು ವಸತಿಗೃಹಗಳಲ್ಲಿ ತಂಗುವವರು ಕೋಣೆಗೆ ಕಾಲಿಟ್ಟ ದಿನವೇ ಮೆಟ್ಟಿಲು ಎಲ್ಲಿದೆ, ಎಷ್ಟು ಬಾಗಿಲುಗಳ ಆಚೆ ಇದೆ ಎಂಬುದನ್ನು ಎಣಿಸಿಟ್ಟುಕೊಳ್ಳಲು ಕೋರಲಾಗಿದೆ.