ತಳ ಕೂತ ಔಷಧಿ

ಗಂಗಾವತಿಯ ಔಷಧಿ ಅಂಗಡಿಯ ಫ್ರಿಜ್ಜಿನಿಂದ ತೆಗೆದ ಎನ್‌ಪಿಎಚ್ ಇನ್ಸುಲಿನ್ ಸೀಸೆಯನ್ನು ಅಲುಗಾಡಿಸದೆ ಇಟ್ಟು ನೋಡಿ: ಮೇಲೆ ತಿಳಿ, ತಳದಲ್ಲಿ ಸುಣ್ಣದಂಥ ಗಸಿ. ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿದರೆ ನೀರುಮಜ್ಜಿಗೆಯ ಹಾಗೆ ಒಂದಾಗುತ್ತದೆ. ಕೆಟ್ಟ ಔಷಧಿಯೆಂದು ಅನುಮಾನಿಸುವುದು ಸಹಜ. ಆದರೆ ಆ ಗಸಿಯೇ ಔಷಧಿ. ಅದರ ಒಂದೊಂದು ಕಣವೂ ಕಣ್ಣಿಗೆ ಕಾಣದಷ್ಟು ಸಣ್ಣ ಕಡ್ಡಿಯಂಥ ಹರಳು. ಇನ್ಸುಲಿನ್ನಿನ ಚರಿತ್ರೆಯನ್ನು 1921ರ ಟೊರಾಂಟೊ ಪ್ರಯೋಗಗಳಿಗೇ ನಿಲ್ಲಿಸುವುದು ರೂಢಿ. ಜೀವ ಉಳಿಸಿದ್ದು ಆ ಶೋಧ, ನಿಜ. ದಿನಕ್ಕೆ ಮತ್ತೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳುವ ಪಾಡನ್ನು ತಗ್ಗಿಸಿದ್ದು ಮಾತ್ರ ಹರಳು.

ತಿಳಿ ಇನ್ಸುಲಿನ್ ಕೆಲವೇ ಗಂಟೆಗಳಲ್ಲಿ ಮುಗಿದುಹೋಗುತ್ತಿತ್ತು. 1926ರಲ್ಲಿ ಅಮೆರಿಕದ ಜಾನ್ ಏಬಲ್ ಅದನ್ನು ಹರಳುಗಟ್ಟಿಸಿದರು; ಹರಳಾಗಲು ಸತು ಬೇಕೆಂಬುದು 1934ರಲ್ಲಿ ತಿಳಿಯಿತು. 1936ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ಮೀನಿನಿಂದ ತೆಗೆದ ಪ್ರೋಟಮಿನ್ ಎಂಬ ಪ್ರೋಟೀನನ್ನು ಬೆರೆಸಿ ಇನ್ಸುಲಿನ್ನಿನ ಕೆಲಸವನ್ನು ನಿಧಾನಗೊಳಿಸಿದರು. ಹತ್ತು ವರ್ಷದ ಬಳಿಕ ಅವರ ಪ್ರಯೋಗಶಾಲೆಯಲ್ಲೇ ಆ ಮಿಶ್ರಣ ಹರಳಾಯಿತು, ಅದೇ ಎನ್‌ಪಿಎಚ್. ‘ಹಾಗಾದರೆ ನಿಧಾನ ಮಾಡಿದ್ದು ಪ್ರೋಟಮಿನ್, ಹರಳಲ್ಲ’ ಎನ್ನಬಹುದು. ಆಕ್ಷೇಪ ಗಟ್ಟಿಯಾದದ್ದೇ. ಉತ್ತರ ಸಿಕ್ಕಿದ್ದು 1950ರ ದಶಕದ ಆರಂಭದಲ್ಲಿ, ಅದೇ ದೇಶದ ಹಾಲಾಸ್-ಮೊಲ್ಲರ್ ಅವರಿಂದ. ಅವರ ಔಷಧಿಯಲ್ಲಿ ಪ್ರೋಟಮಿನ್ ಇಲ್ಲ; ಇನ್ಸುಲಿನ್, ಸತು ಎರಡೇ. ಹರಳುಗಟ್ಟದ ಪುಡಿ ಬೇಗ ಕರಗಿತು, ದೊಡ್ಡ ಹರಳು ಒಂದು ದಿನವನ್ನೂ ದಾಟಿತು. ಎರಡನ್ನೂ ಮೂವತ್ತು–ಎಪ್ಪತ್ತರ ಪಾಲಿನಲ್ಲಿ ಬೆರೆಸಿದ್ದೇ ಲೆಂಟೆ. ಸಕ್ಕರೆ ಪುಡಿಯೂ ಕಲ್ಲುಸಕ್ಕರೆಯೂ ಒಂದೇ ಪದಾರ್ಥ. ಬಾಯಲ್ಲಿ ಉಳಿಯುವ ಹೊತ್ತು ಬೇರೆ. ಹರಳು ಕರಗುವುದು ತನ್ನ ಹೊರಮೈಯಿಂದ, ಒಳಗಿನದು ಸರದಿ ಕಾಯಬೇಕು.

ಇನ್ಸುಲಿನ್ ಹರಳಿನ ಒಳರಚನೆಯನ್ನು 1969ರಲ್ಲಿ ಬಿಡಿಸಿದ ಬ್ರಿಟನ್ನಿನ ವಿಜ್ಞಾನಿ ಡೊರೊಥಿ ಹಾಜ್‌ಕಿನ್ ಅವರ ತಂಡದಲ್ಲಿ ಎಂ. ವಿಜಯನ್ ಇದ್ದರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೋಟೀನ್ ಸ್ಫಟಿಕಶಾಸ್ತ್ರವನ್ನು ಬೆಳೆಸಿದವರು ಅವರೇ. 2004ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ತನ್ನ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಆದರೆ ಬೆಂಗಳೂರಿನ ತಂಪಿನಲ್ಲಿ ಹುಟ್ಟಿದ ಸೀಸೆ ಕೊನೆಗೆ ತಲುಪಬೇಕಾದದ್ದು ನಲವತ್ತು ಡಿಗ್ರಿ ಮುಟ್ಟುವ ಕೊಪ್ಪಳದ ಬೇಸಿಗೆಗೆ, ಕುಷ್ಟಗಿಯಿಂದ ಹಳ್ಳಿಗೆ ಹೋಗುವ ಬಸ್ಸಿನೊಳಗೆ. ಕಾವಿಗೆ ಹರಳುಗಳು ಗಂಟು ಕಟ್ಟಿ ಸೀಸೆಯ ಗೋಡೆಗೆ ಹಿಡಿಯುತ್ತವೆ. ಐಸಿಗೆ ತಾಗಿ ಹೆಪ್ಪುಗಟ್ಟಿದರೂ ಕೆಡುಕೇ. ಸೀಸೆಯನ್ನು ತಂಪಿಗಾಗಿ ಮಣ್ಣಿನ ಗಡಿಗೆಯಲ್ಲಿಡುವವರ ಜಾಣತನವನ್ನು ಕಂಡು ನಗುವಂತಿಲ್ಲ. ಸರಿಯಾಗಿ ಬೆರೆಸದಿದ್ದರಂತೂ ಅಳತೆಯೇ ಸುಳ್ಳು: 1999ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಅಧ್ಯಯನದಲ್ಲಿ 109 ರೋಗಿಗಳ ಇನ್ಸುಲಿನ್ ಪೆನ್ನುಗಳಲ್ಲಿ ಎನ್‌ಪಿಎಚ್ ಪ್ರಮಾಣ ಇರಬೇಕಾದ್ದರ ಶೇ 5ರಿಂದ ಶೇ 214ರವರೆಗೆ ಏರುಪೇರಾಗಿತ್ತು.

ಈಗ ಗ್ಲಾರ್ಜಿನ್ ಎಂಬ ತಿಳಿಯಾದ ಇನ್ಸುಲಿನ್ ಬಂದಿದೆಯಲ್ಲ, ಗಸಿಯ ಗೊಡವೆ ಯಾಕೆ ಎಂದರೆ, ಗಸಿ ಹೋಗಿಲ್ಲ, ಜಾಗ ಬದಲಿಸಿದೆ. ಸೀಸೆಯ ಹುಳಿ ದ್ರಾವಣದಲ್ಲಿ ಗ್ಲಾರ್ಜಿನ್ ಕರಗಿರುತ್ತದೆ. ಚರ್ಮದಡಿ ಹುಳಿ ತಗ್ಗಿದೊಡನೆ ಸೂಕ್ಷ್ಮ ಕಣಗಳಾಗಿ ಕೂತು ನಿಧಾನವಾಗಿ ಬಿಡಿಬಿಡಿಯಾಗುತ್ತದೆ. ಹಾಗಾಗಿ ಯಲಬುರ್ಗಾದ ಒಂದೇ ಮನೆಯಲ್ಲಿ ಎರಡೂ ಬಗೆಯ ಸೀಸೆಗಳಿದ್ದರೆ ನಿಯಮ ತದ್ವಿರುದ್ಧ: ಎನ್‌ಪಿಎಚ್ ಬೆಳ್ಳಗಾಗುವ ತನಕ ಹೊರಳಿಸಬೇಕು, ಗ್ಲಾರ್ಜಿನ್ ಬೆಳ್ಳಗಾದರೆ ಬಿಸಾಡಬೇಕು.