ಇದೆಲ್ಲ ಆಟವೇ ಎಂದು ಮಗು ಕೇಳಿದರೆ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಪತ್ರಿಕೆ ಓದಲು ಬರುವ ಮಿತ್ರರೊಬ್ಬರ ಸಂಸಾರವು ವಿಜಯಪುರದ ಕಡೆಯ ಹಳ್ಳಿಯಲ್ಲಿದೆ. ಕಳೆದ ತಿಂಗಳು ಅವರ ಏಳು ವರ್ಷದ ಮಗಳು ಫೋನಿನ ಪರದೆಯಲ್ಲಿ ಅವರ ಮುಖವನ್ನೇ ನೋಡುತ್ತ, "ಅಪ್ಪಾ, ನೀ ಖರೇನ ಅದಿ ಏನು, ಇಲ್ಲಾ ಆಟದಾಗಿನ ಮನಿಷ್ಯಾ ಅದಿ?" ಎಂದು ಕೇಳಿದಳಂತೆ. ಮಿತ್ರರು ನಕ್ಕುಬಿಟ್ಟರು, ಮಗು ಅತ್ತಿತು. ನಗಬಾರದಾಗಿತ್ತು. ದೊಡ್ಡ ಪಂಡಿತರು ಕೇಳುತ್ತ ಬಂದ ಪ್ರಶ್ನೆಯೇ ಅದು.

ಯಂತ್ರವು ಕಟ್ಟಿದ ಕೃತಕ ಲೋಕವೆಂದರೇನೆಂಬುದನ್ನು ಮಕ್ಕಳಿಗೆ ತಿಳಿಸಲು ವಿಮಾನ ಕಲಿಯುವವರ ಕಥೆ ಒಳ್ಳೆಯದು. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬವರು ಒಂದು ಪುಟ್ಟ ಮರದ ವಿಮಾನವನ್ನು ರೂಪಿಸಿದರು. ಅವರದು ವಾದ್ಯ ತಯಾರಿಸುವ ಮನೆತನ. ಆರ್ಗನ್ ವಾದ್ಯದ ತಿದಿಗಳನ್ನೇ ಅದಕ್ಕೆ ಜೋಡಿಸಿದರು. ಗಾಳಿ ತುಂಬಿದರೆ ಅದು ವಾಲುವುದು, ಓಲಾಡುವುದು. ನೆಲ ಬಿಟ್ಟು ಮಾತ್ರ ಏಳದು. ಈಗಿನ ಸಿಮ್ಯುಲೇಟರುಗಳಲ್ಲಿ ಕಿಟಕಿಯ ಆಚೆ ಪರದೆಯಿದ್ದು, ಕಂಪ್ಯೂಟರು ಅದರ ಮೇಲೆ ಮೋಡ, ಮಳೆ, ನಿಲ್ದಾಣದ ದೀಪಗಳನ್ನು ತೋರಿಸುತ್ತದೆ. ಒಳಗಿನವನು ತಪ್ಪಿದರೆ ವಿಮಾನ ಬಿದ್ದಂತಾಗುತ್ತದೆ, ಯಾರೂ ಸಾಯುವುದಿಲ್ಲ. ಅವನಿಗೆ ಬಂದ ಬೆವರು ಮಾತ್ರ ನಿಜ. ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಹಾವೆಂದು ಬೆಚ್ಚಿದವನ ಕಥೆಯೂ ಇದೇ. ಅದನ್ನು ನಮ್ಮ ಅಜ್ಜಿಯರೆಲ್ಲ ಬಲ್ಲರು. ತೋರಿದ್ದು ಸುಳ್ಳಾಗಬಹುದು, ನೋಡಿದವನು ಇದ್ದೇ ಇದ್ದಾನೆ. ಮಾಯಾವಿ ಪಿಶಾಚಿಯೊಂದು ನನ್ನನ್ನು ಎಲ್ಲದರಲ್ಲಿಯೂ ವಂಚಿಸಿದರೂ, ವಂಚನೆಗೆ ಸಿಕ್ಕ ನಾನಾದರೂ ಇರಲೇಬೇಕಷ್ಟೆ ಎಂದು ಫ್ರಾನ್ಸಿನ ಡೆಕಾರ್ಟ್ 1641ರಲ್ಲಿ ವಾದಿಸಿದರು.

ಹಾಗಾದರೆ ನಾವೆಲ್ಲರೂ ಅಂಥ ಯಂತ್ರದೊಳಗೆ ಇದ್ದೇವೆಯೇ? 2003ರಲ್ಲಿ ನಿಕ್ ಬಾಸ್ಟ್ರಮ್ ಎಂಬ ತತ್ತ್ವಜ್ಞರು ಮೂರರಲ್ಲಿ ಒಂದಾದರೂ ನಿಜವಿರಬೇಕೆಂದು ಬರೆದರು. ಅಂಥ ಲೋಕ ಕಟ್ಟುವ ಶಕ್ತಿ ಬರುವ ಮೊದಲೇ ಮನುಷ್ಯಕುಲ ಬಹುಶಃ ಅಳಿಯುತ್ತದೆ. ಇಲ್ಲವೆ ಶಕ್ತಿ ಬಂದವರೂ ಅದಕ್ಕೆ ಮನಸ್ಸು ಮಾಡುವುದಿಲ್ಲ. ಇಲ್ಲವೆ ನಾವೀಗ ಇರುವುದೇ ಅಂಥ ಲೋಕದಲ್ಲಿ. ಮೂರನೆಯದೇ ಸತ್ಯವೆಂದು ಅವರು ಹೇಳಲಿಲ್ಲ. ಜನರು ಮಾತ್ರ ಅದೊಂದನ್ನೇ ಹಿಡಿದು ಕುಣಿಯುತ್ತಾರೆ. ಚಿಕ್ಕವರಿಗೆ ಈ ಲೆಕ್ಕ ಬೇಡ. "ಯಾರಿಗೂ ಖಚಿತವಾಗಿ ಗೊತ್ತಿಲ್ಲ, ಕಂದಾ" ಎಂದರೆ ಸಾಕು. ಆ ಉತ್ತರವನ್ನು ಮಕ್ಕಳು ನಮಗಿಂತ ಚೆನ್ನಾಗಿ ತಾಳಿಕೊಳ್ಳುತ್ತಾರೆ.

ಆದರೆ ಆ ಹುಡುಗಿ ಕೇಳಿದ್ದು ಲೋಕದ ವಿಷಯವಲ್ಲ, ಅಪ್ಪನ ವಿಷಯ. ಅದಕ್ಕೆ ಗೊತ್ತಿಲ್ಲ ಎನ್ನಲಾಗದು. ಪರದೆಯ ಮೇಲೆ ಕಾಣುವ ಎರಡೂ ಬರಿಯ ಬೆಳಕಿನ ಚಿತ್ರಗಳೇ. ಆಟದ ಮನುಷ್ಯನ ಹಿಂದೆ ಯಾರೂ ಇಲ್ಲ, ಅಪ್ಪನ ಚಿತ್ರದ ಹಿಂದೆ ಅಪ್ಪನಿದ್ದಾನೆ. ಮಾತನಾಡಿಸಿ ಪರೀಕ್ಷಿಸು ಎನ್ನೋಣವೆಂದರೆ ಈಚೆಗೆ ಯಂತ್ರಗಳೂ ಮಾತನಾಡುತ್ತವೆ. ಮಿತ್ರರೇ ಒಂದು ಉಪಾಯ ಕಂಡುಕೊಂಡರು. ನಮ್ಮ ಮೇಜಿನ ಪೆನ್ಸಿಲ್ ತೆಗೆದುಕೊಂಡು, ಕಾಗದದ ಮೇಲೆ ತಮ್ಮ ಅಂಗೈಯಿಟ್ಟು ಸುತ್ತಲೂ ಗೆರೆ ಎಳೆದು, ಅಂಚೆಗೆ ಹಾಕಿದರು. ಮಗಳು ಅದರ ಮೇಲೆ ತನ್ನ ಕೈಯಿಟ್ಟು ನೋಡಿದಳಂತೆ. ಅಪ್ಪನ ಬೆರಳು ಯಾಕೆ ಇಷ್ಟು ದಪ್ಪ ಎಂಬುದು ಈಗ ಅವಳ ಪ್ರಶ್ನೆ.