ಸ್ಪೀಕರಿನಲ್ಲಿ ಗುಡುಗುವ ಎಂಜಿನ್

ಬಿಎಂಡಬ್ಲ್ಯು ಕಂಪನಿ 2011ರಲ್ಲಿ ಹೊಸ ಎಂ5 ಕಾರನ್ನು ತಂದಾಗ ಅದರ ಅಭಿಮಾನಿಗಳಿಗೆ ಒಂದು ಸಂಗತಿ ಸುಲಭಕ್ಕೆ ಜೀರ್ಣವಾಗಲಿಲ್ಲ. ಆಕ್ಸಿಲರೇಟರ್ ತುಳಿದಾಗ ಒಳಗೆ ಕೇಳುವ ಗರ್ಜನೆಯಲ್ಲಿ ಒಂದು ಪಾಲು ಬಾನೆಟ್ಟಿನ ಅಡಿಯಿಂದ ಬರುತ್ತಿರಲಿಲ್ಲ, ಹಾಡು ಕೇಳಲೆಂದು ಕೂರಿಸಿದ್ದ ಸ್ಪೀಕರುಗಳಿಂದ ಬರುತ್ತಿತ್ತು. ಹಿಂದಿನ ಎಂ5ರಲ್ಲಿ ಐದು ಲೀಟರಿನ, ಹತ್ತು ಸಿಲಿಂಡರಿನ ಎಂಜಿನ್ ಇತ್ತು. ನಿಮಿಷಕ್ಕೆ 8,000 ಸುತ್ತು ದಾಟುತ್ತ ಅದು ತಾನೇ ಕೂಗುತ್ತಿತ್ತು, ಯಾರ ನೆರವೂ ಬೇಕಿರಲಿಲ್ಲ. ಹೊಸದಕ್ಕೆ ಎಂಟೇ ಸಿಲಿಂಡರು, 4.4 ಲೀಟರು, ಜೊತೆಗೆ ಎರಡು ಟರ್ಬೊ. ಬಲ ಹೆಚ್ಚಾಯಿತು, ಪೆಟ್ರೋಲ್ ಖರ್ಚು ಇಳಿಯಿತು, ದನಿ ಸಪ್ಪೆಯಾಯಿತು. ಆ ಸಪ್ಪೆಗೆ ಒಗ್ಗರಣೆ ಹಾಕುವ ಕೆಲಸ ಸ್ಪೀಕರಿನ ಪಾಲಿಗೆ ಬಂತು.

ಇದು ಒಂದೇ ಕಂಪನಿಯ ಕೈಚಳಕವಲ್ಲ. ಫೋರ್ಡ್ ತನ್ನ 2015ರ ಮಸ್ಟಾಂಗ್‌ನ ನಾಲ್ಕು ಸಿಲಿಂಡರಿನ ಮಾದರಿಗೆ ಇದನ್ನೇ ಮಾಡಿತು. ಫೋಕ್ಸ್‌ವ್ಯಾಗನ್ ಕಂಪನಿಯದು ಇನ್ನೊಂದು ದಾರಿ: ಮುಂದಿನ ಗಾಜಿನ ಬುಡದ ತಗಡಿಗೆ ಒಂದು ಸಣ್ಣ ಕಂಪನದ ಡಬ್ಬಿಯನ್ನು ಬಿಗಿದು, ತಗಡನ್ನೇ ಅದುರಿಸಿ ದನಿ ಹೊರಡಿಸುವುದು. ಅದರ ಪ್ಲಗ್ ಕಿತ್ತುಹಾಕಿ ನೆಮ್ಮದಿ ಪಡುವ ಮಾಲೀಕರೂ ಇದ್ದಾರೆ.

ದನಿ ಸಪ್ಪೆಯಾಗುವುದೇಕೆ ಎಂದು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ಬುಲೆಟ್ ಬೈಕಿಗೆ ಇರುವುದು ಒಂದೇ ಸಿಲಿಂಡರ್. ನಿಂತಲ್ಲೇ ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಎಂಟು ಸಿಡಿತ. ಕಿವಿ ಅವನ್ನು ಬಿಡಿಬಿಡಿಯಾಗಿ ಹಿಡಿಯುತ್ತದೆ, ಆದ್ದರಿಂದಲೇ ಆ ಡುಗ್ ಡುಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಎರಡು ಸ್ಟ್ರೋಕಿನದು, ಸುತ್ತಿಗೊಂದು ಸಿಡಿತ. ಅದರ ದನಿಯ ನಡೆಯೇ ಬೇರೆ. ಬೀದಿ ತಿರುವಿನಲ್ಲಿ ಗಾಡಿ ಕಾಣುವ ಮೊದಲೇ ಯಾವುದೆಂದು ಹೇಳುವವರು ಗೊತ್ತಿಲ್ಲದೆಯೇ ಈ ಲೆಕ್ಕ ಮಾಡುತ್ತಿದ್ದರು. ಸೆಕೆಂಡಿಗೆ ಇಪ್ಪತ್ತರ ಆಚೆ ಹೋದರೆ ಸಿಡಿತಗಳು ಒಂದಕ್ಕೊಂದು ಬೆಸೆದು ಸ್ವರವಾಗುತ್ತವೆ. ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಮೂರು ಸಿಲಿಂಡರಿನ ಮಾರುತಿ 800ರ ಮೂಲ ಸ್ವರ 75 ಹರ್ಟ್ಸ್, ನಾಲ್ಕು ಸಿಲಿಂಡರಿನ ಕಾರಿನದು 100, ಹತ್ತರದು 250. ಸಿಲಿಂಡರ್ ಕಡಿಮೆಯಾದಷ್ಟೂ, ಸುತ್ತು ನಿಧಾನವಾದಷ್ಟೂ ಸ್ವರ ಪಾತಾಳಕ್ಕಿಳಿಯುತ್ತದೆ.

ಇಂಧನ ಉಳಿಸಬೇಕೆಂಬ ಒತ್ತಡ ಎರಡನ್ನೂ ಒಟ್ಟಿಗೇ ಮಾಡಿಸಿತು. ಸಿಲಿಂಡರುಗಳು ಕಡಿಮೆಯಾದವು, ಗೇರುಗಳು ಹೆಚ್ಚಾದವು, ಎಂಜಿನ್ ತೂಕಡಿಸುವಂತೆ ತಿರುಗುತ್ತ ಹೆದ್ದಾರಿಯಲ್ಲಿ ನೂರರ ವೇಗ ಕೊಡತೊಡಗಿತು. ಸಾಲದ್ದಕ್ಕೆ ಟರ್ಬೊ ಬೇರೆ. ಅದರ ಚಕ್ರ ಕೂತಿರುವುದು ಹೊಗೆ ಹೊರಹೋಗುವ ದಾರಿಯಲ್ಲೇ. ಸಿಡಿತದ ಹೊಡೆತಗಳಿಂದ ಶಕ್ತಿ ಕಸಿದುಕೊಂಡು ಅವುಗಳ ಮೊನೆಯನ್ನು ಮೊಂಡು ಮಾಡಿ ಮುಂದಕ್ಕೆ ಬಿಡುತ್ತದೆ. ಸೈಲೆನ್ಸರ್ ತಲುಪುವ ಮೊದಲೇ ಅರ್ಧ ಮೌನ!

ಹೊರಗೆ ಮೌನವಾದರೂ ಒಳಗಿನ ಕಥೆ ಬೇರೆ. ಕಾರಿನ ಒಳಾಂಗಣ ಹೆಚ್ಚುಕಡಿಮೆ ಎರಡು ಮೀಟರ್ ಉದ್ದದ ಮುಚ್ಚಿದ ಪೆಟ್ಟಿಗೆ. ಬಾವಿಗೆ ಬಗ್ಗಿ ಹಾಡಿದರೆ ಯಾವುದೋ ಒಂದು ಸ್ವರಕ್ಕೆ ಮಾತ್ರ ಬಾವಿ ಮೊಳಗುತ್ತದಲ್ಲ, ಈ ಪೆಟ್ಟಿಗೆಗೂ ಅಂಥದೊಂದು ಮೆಚ್ಚಿನ ಸ್ವರವಿದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎರಡು ಮೀಟರಿನ ಪೆಟ್ಟಿಗೆಯಲ್ಲಿ ಅರ್ಧ ಅಲೆ ಹಿಡಿಸುವ ಸ್ವರ ಎಂದರೆ ಸುಮಾರು 85 ಹರ್ಟ್ಸ್. ನಾಲ್ಕು ಸಿಲಿಂಡರಿನ ಎಂಜಿನ್ ಸುಮಾರು 2,500 ಸುತ್ತಿನಲ್ಲಿದ್ದಾಗ ಅದರ ಮೂಲ ಸ್ವರ ಸರಿಯಾಗಿ ಅಲ್ಲಿಗೇ ಬಂದು ಕೂರುತ್ತದೆ. ಆಗ ಕಿವಿಯ ಮೇಲೆ ಅಂಗೈ ಒತ್ತಿದಂತಾಗುವ ಗುಂಯ್‌ಗುಟ್ಟುವಿಕೆ ಶುರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗಿಳಿದವರ ತಲೆನೋವಿನಲ್ಲಿ ಇದರ ಪಾಲೂ ಇರುತ್ತದೆ. ಎಷ್ಟು ಫೋಮ್, ಎಷ್ಟು ರಬ್ಬರ್ ಮೆತ್ತಿದರೂ ಇಷ್ಟು ತಗ್ಗಿನ ಸ್ವರ ಸುಲಭಕ್ಕೆ ಬಗ್ಗುವುದಿಲ್ಲ. ಮೀಟರುಗಟ್ಟಲೆ ಉದ್ದದ ಅಲೆಗೆ ಬೆರಳುದಪ್ಪದ ಫೋಮ್ ಲೆಕ್ಕಕ್ಕೇ ಇಲ್ಲ.

ಶಬ್ದವನ್ನು ಶಬ್ದದಿಂದಲೇ ಹೊಡೆಯಬೇಕು ಎಂಬ ಉಪಾಯ ಹೊಳೆದದ್ದು ಇಲ್ಲಿ. ಉಪಾಯವೇನೋ ಹಳೆಯದು. ಜರ್ಮನಿಯ ಪಾಲ್ ಲ್ಯೂಗ್ ಎಂಬಾತ ಅಮೆರಿಕದಲ್ಲಿ ಇದಕ್ಕೆ 1936ರಲ್ಲೇ ಪೇಟೆಂಟ್ ಪಡೆದಿದ್ದ. ಅಲೆ ಉಬ್ಬುವಲ್ಲಿ ತಗ್ಗುವ ಇನ್ನೊಂದು ಅಲೆಯನ್ನು ಬಿಟ್ಟರೆ ಎರಡೂ ಕಳೆದುಹೋಗಬೇಕು. ಅಷ್ಟು ಚುರುಕಾಗಿ ಲೆಕ್ಕ ಮಾಡುವ ಅಗ್ಗದ ಚಿಪ್ಪು ಬರಲು ಅರ್ಧ ಶತಮಾನ ಕಾಯಬೇಕಾಯಿತು. 1992ರಲ್ಲಿ ನಿಸಾನ್ ಬ್ಲೂಬರ್ಡ್ ಈ ಏರ್ಪಾಡಿನೊಂದಿಗೆ ಜಪಾನಿನ ಪೇಟೆಗೆ ಬಂತು. ಹೋಂಡಾ 2003ರಲ್ಲಿ ಇದನ್ನು ಇನ್ನೂ ಜಾಣತನದಿಂದ ಬಳಸಿತು. ಅವರ ಆರು ಸಿಲಿಂಡರಿನ ಎಂಜಿನ್ ಹೆದ್ದಾರಿಯಲ್ಲಿ ಹಾಯಾಗಿ ಓಡುವಾಗ ಮೂರನ್ನು ಮಲಗಿಸಿಬಿಡುತ್ತಿತ್ತು. ಮಲಗಿಸಿದ ಕ್ಷಣದಲ್ಲೇ ಸ್ವರ ಅರ್ಧಕ್ಕಿಳಿದು ಒರಟಾಗುತ್ತದೆ. ಪ್ರಯಾಣಿಕರಿಗೆ ಅದು ಗೊತ್ತಾಗದಂತೆ ಸ್ಪೀಕರುಗಳು ಎದುರಲೆ ಬಿಡುತ್ತಿದ್ದವು. ಅಂದರೆ ನಕಲಿ ದನಿಗೆ ಮೊದಲು ಬಂದದ್ದು ನಕಲಿ ಮೌನ.

ಈ ತಂತ್ರಕ್ಕೆ ಒಂದು ಗಡಿಯಿದೆ. ನೂರು ಹರ್ಟ್ಸ್ ಅಲೆಯ ಉದ್ದ ಮೂರೂವರೆ ಮೀಟರ್. ತಲೆ ಅತ್ತಿತ್ತ ಆಡಿಸಿದರೂ ಲೆಕ್ಕ ತಪ್ಪುವುದಿಲ್ಲ. ಸಾವಿರ ಹರ್ಟ್ಸ್ ಅಲೆಯ ಉದ್ದ ಮೂವತ್ತನಾಲ್ಕು ಸೆಂಟಿಮೀಟರ್ ಮಾತ್ರ. ಅಲ್ಲಿ ತಲೆ ಒಂದು ಗೇಣು ಸರಿದರೆ ಕಳೆಯಬೇಕಾದ ಅಲೆ ಕೂಡಿಕೊಳ್ಳಲೂಬಹುದು. ಹಾಗಾಗಿ ಗಾಳಿಯ ಸುಯ್ಯಾಟವನ್ನು ಸ್ಪೀಕರಿನಿಂದ ಅಳಿಸಲಾಗದು. ಅದಕ್ಕೆ ದಪ್ಪ ಗಾಜು, ಬಾಗಿಲಿನ ಒಳ್ಳೆಯ ರಬ್ಬರ್ ಪಟ್ಟಿಯೇ ಗತಿ. ಟೈರಿನ ಶಬ್ದ ಇವೆರಡರ ನಡುವಿನದು. ಟೈರಿನೊಳಗಿನ ಬಳೆಯಾಕಾರದ ಗಾಳಿ ಸುಮಾರು 200 ಹರ್ಟ್ಸ್‌ನಲ್ಲಿ ಮೊಳಗುವುದರಿಂದ ಕೆಲವು ಕಂಪನಿಗಳು ಟೈರಿನ ಒಳಮೈಗೆ ಸ್ಪಂಜು ಅಂಟಿಸುತ್ತವೆ. ಉಳಿದದ್ದಕ್ಕೆ ಚಕ್ರದ ಬಳಿ ಅದುರನ್ನು ಅಳೆಯುವ ಸೆನ್ಸರ್ ಇಟ್ಟು, ಗುಂಡಿಯ ಸದ್ದು ಕಿವಿ ತಲುಪುವಷ್ಟರಲ್ಲಿ ಎದುರಲೆ ಸಿದ್ಧಮಾಡುತ್ತಾರೆ. 2020ರ ಜೆನೆಸಿಸ್ ಜಿವಿ80 ಕಾರಿನಲ್ಲಿ ಇಂಥದೊಂದು ಏರ್ಪಾಡು ಬಂತು.

ಹೀಗೆಲ್ಲ ಅಳಿಸಿದ ಮೇಲೆ ಸುಖವಾಗಿರಬೇಕಿತ್ತು. ರೋಲ್ಸ್ ರಾಯ್ಸ್ ಎಂಜಿನಿಯರುಗಳು 2020ರ ಘೋಸ್ಟ್ ಕಾರಿಗೆ ನೂರು ಕಿಲೋ ಶಬ್ದನಿರೋಧಕ ತುಂಬಿ ನೋಡಿದರೆ, ಪೂರ್ತಿ ನಿಶ್ಶಬ್ದದಲ್ಲಿ ಕೂತವರಿಗೆ ತಬ್ಬಿಬ್ಬಾಗುತ್ತದೆ ಎಂದು ಗೊತ್ತಾಯಿತು. ಕೊನೆಗೆ ಅವರೇ ಒಂದು ಪಿಸುದನಿಯನ್ನು ಉಳಿಸಿಕೊಂಡರು. ಇನ್ನುಳಿದ ಕಾರುಗಳಲ್ಲಿ ತೊಂದರೆ ಇಷ್ಟು ಶ್ರೀಮಂತವಲ್ಲ: ಎಂಜಿನ್ ಸುಮ್ಮನಾದ ಕೂಡಲೇ ಡ್ಯಾಶ್‌ಬೋರ್ಡಿನ ಕಿರಕಿರ, ಸೀಟಿನ ಕೀಚಲು, ಡಿಕ್ಕಿಯ ಜಾಕಿಯ ಲಟಲಟ ಎಲ್ಲವೂ ಒಂದೊಂದಾಗಿ ಬಾಯಿಬಿಡುತ್ತವೆ. ಇಷ್ಟು ದಿನ ಅವನ್ನು ಮುಚ್ಚಿಟ್ಟಿದ್ದದ್ದು ಎಂಜಿನ್ನಿನ ಗದ್ದಲವೇ.

ಇನ್ನು ನಕಲಿ ಗರ್ಜನೆಯ ತಯಾರಿ. ಎಂಜಿನ್ ಎಷ್ಟು ಸುತ್ತಿನಲ್ಲಿದೆ, ಆಕ್ಸಿಲರೇಟರ್ ಎಷ್ಟು ತುಳಿದಿದೆ, ಯಾವ ಗೇರು ಎಂಬ ಅಂಕಿಗಳು ಕಾರಿನ ತಂತಿಜಾಲದಲ್ಲಿ ಸದಾ ಹರಿಯುತ್ತಿರುತ್ತವೆ. ಒಂದು ಚಿಪ್ಪು ಅವನ್ನು ಓದಿಕೊಂಡು, ಆ ಸುತ್ತಿಗೆ ತಕ್ಕ ಮೂಲ ಸ್ವರವನ್ನೂ ಅದರ ಮೇಲಿನ ಉಪಸ್ವರಗಳನ್ನೂ ಲೆಕ್ಕಹಾಕಿ ಹೆಣೆದು ಸ್ಪೀಕರಿಗೆ ಕಳಿಸುತ್ತದೆ. ತಾಳ ತಪ್ಪುವುದಿಲ್ಲ, ಶ್ರುತಿ ಜಾರುವುದಿಲ್ಲ.

ನನ್ನ ತಕರಾರಿರುವುದು ಇಲ್ಲೇ. ಎಂಜಿನ್ನಿನ ನಿಜವಾದ ದನಿ ಯಾರೂ ಕೇಳದೆಯೂ ಕೊಡುವ ವರದಿ. ಹಳೆಯ ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಟ್ಯಾಪೆಟ್ ಸಡಿಲವೋ ಬೇರಿಂಗ್ ಹೋಗಿದೆಯೋ ಹೇಳುತ್ತಾನೆ. ಓಡಿಸುವವನಿಗೂ ಆ ವರದಿ ಒಂದಿಷ್ಟು ತಲುಪುತ್ತಿತ್ತು. ‘ಏನೋ ಸೌಂಡ್ ಬರ್ತಿದೆ’ ಎಂದು ಗ್ಯಾರೇಜಿಗೆ ಹೋಗುವುದು ಅದರಿಂದಲೇ. ಸ್ಪೀಕರಿನ ದನಿಗೆ ಕೊಟ್ಟಿರುವುದು ನಾಲ್ಕಾರು ಅಂಕಿ. ಬೇರಿಂಗ್ ಸವೆದರೂ ಅದರ ಹಾಡು ಅದೇ. ಸದ್ದು ಕೃತಕ ಎಂಬುದಕ್ಕಿಂತ, ನಿಜವಾದ ಸದ್ದಿನ ಮೇಲೆ ಅದು ಕೂತುಬಿಡುತ್ತದೆ ಎಂಬುದು ನನಗೆ ಹೆಚ್ಚು ಕಸಿವಿಸಿ.

ಟೊಯೋಟಾದ ಲೆಕ್ಸಸ್ ಎಲ್‌ಎಫ್‌ಎ ಕಾರಿನವರು ಬೇರೆ ದಾರಿ ಹಿಡಿದಿದ್ದರು. ಅದರ ಹತ್ತು ಸಿಲಿಂಡರಿನ ಎಂಜಿನ್ ರೂಪಿಸಲು ಯಮಹಾ ನೆರವಾಯಿತು. ಬೈಕು ಮಾಡುವ ಯಮಹಾ ಮಾತ್ರವಲ್ಲ, ಪಿಯಾನೊ ಮಾಡುವ ಯಮಹಾದ ಸಂಗೀತಜ್ಞಾನವೂ ಬಳಕೆಯಾಯಿತು. ಎಂಜಿನ್ ಉಸಿರೆಳೆದುಕೊಳ್ಳುವ ಸದ್ದನ್ನು ಒಳಕ್ಕೆ ಹಾಯುವ ಹಾಗೆ ದಾರಿ ಮಾಡಿಕೊಟ್ಟರು, ಸ್ಪೀಕರಿನ ಹಂಗೇ ಇಲ್ಲದೆ. 0.6 ಸೆಕೆಂಡಿನಲ್ಲಿ ಅದು 9,000 ಸುತ್ತಿಗೆ ಜಿಗಿಯುತ್ತಿತ್ತು. ಮುಳ್ಳಿನ ಮೀಟರಿಗೆ ಆ ವೇಗ ಹಿಡಿಯಲಾಗದೆ ಪರದೆಯ ಮೇಲೆ ಮುಳ್ಳನ್ನು ಮೂಡಿಸಬೇಕಾಯಿತು. ಅಂಥ ಕಾರುಗಳನ್ನು ಮಾಡಿದ್ದು ಐನೂರು ಮಾತ್ರ.

ಎಲೆಕ್ಟ್ರಿಕ್ ಕಾರಿನಲ್ಲಿ ಮುಚ್ಚಿಹಾಕಲು ಎಂಜಿನ್ನೇ ಇಲ್ಲ. ಹಾಗಾಗಿ ಅಲ್ಲಿ ನಕಲಿ ದನಿಯ ಬಗ್ಗೆ ನನಗೆ ಅಷ್ಟು ಮುನಿಸಿಲ್ಲ. ಹ್ಯುಂಡೈ ಐಯಾನಿಕ್ 5 ಎನ್ ಇಲ್ಲದ ಎಂಟು ಗೇರುಗಳನ್ನು ನಟಿಸುತ್ತದೆ. ಗೇರು ಬದಲಾದಂತೆ ಮೋಟರಿನ ಸೆಳೆತವನ್ನೂ ನಿಜವಾಗಿ ಕಡಿದು ಜಗ್ಗಿಸುತ್ತದೆ, ಜೊತೆಗೆ ಪೆಟ್ರೋಲ್ ಎಂಜಿನ್ನಿನ ದನಿ. ನಾಟಕವೇ ಹೌದು, ಆದರೆ ದನಿಗೂ ದೇಹಕ್ಕೂ ತಾಳೆಯಿದೆ, ಬೇಡವಾದರೆ ಗುಂಡಿ ಒತ್ತಿ ಆರಿಸಬಹುದು. ಬಿಎಂಡಬ್ಲ್ಯು ಸಿನಿಮಾ ಸಂಗೀತಗಾರ ಹಾನ್ಸ್ ಜಿಮ್ಮರ್ ಕೈಯಲ್ಲಿ ದನಿ ಮಾಡಿಸಿತು. ಮಹೀಂದ್ರ 2024ರಲ್ಲಿ ಬಿಡುಗಡೆ ಮಾಡಿದ ಎಲೆಕ್ಟ್ರಿಕ್ ಕಾರುಗಳಿಗೆ ಎ.ಆರ್. ರೆಹಮಾನ್.

ಕಾರಿನ ಹೊರಗಿನವರಿಗೆ ಬೇಕಾದ ದನಿಯ ವಿಷಯ ಇದಕ್ಕಿಂತ ಗಂಭೀರ. ಬೆಂಗಳೂರಿನ ಎಲೆಕ್ಟ್ರಿಕ್ ಕಾರು ರೇವಾ 2001ರಲ್ಲೇ ರಸ್ತೆಗಿಳಿದಿತ್ತು, ಆಮೇಲೆ ಲಂಡನ್ನಿಗೂ ಹೋಯಿತು. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳು ಹೆಚ್ಚಿದಂತೆ, ಕಿವಿಯಿಂದಲೇ ರಸ್ತೆ ದಾಟುವ ಅಂಧರು ಎಚ್ಚರಿಸತೊಡಗಿದರು. ಅಮೆರಿಕದಲ್ಲಿ ಅವರ ಒಕ್ಕೂಟದ ಒತ್ತಾಯದಿಂದ ಕಾನೂನು ಬಂತು. ಯುರೋಪಿನಲ್ಲಿ 2021ರ ಜುಲೈನಿಂದ ಮಾರಾಟವಾಗುವ ಪ್ರತಿ ಹೊಸ ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರೂ ಗಂಟೆಗೆ 20 ಕಿಲೋಮೀಟರ್ ವೇಗದವರೆಗೆ ಸದ್ದು ಮಾಡಲೇಬೇಕು. ಅದರಾಚೆ ಟೈರಿನ ಸದ್ದೇ ಸಾಕು. ವಿಶ್ವಸಂಸ್ಥೆಯ 138ನೇ ನಿಯಮ ಇನ್ನೂ ಸೂಕ್ಷ್ಮಕ್ಕೆ ಇಳಿಯುತ್ತದೆ. ವೇಗ ಏರಿದಂತೆ ಸ್ವರವೂ ಏರಬೇಕು, ಕಿಲೋಮೀಟರಿಗೆ ಕನಿಷ್ಠ ಶೇಕಡಾ 0.8ರಂತೆ, ದನಿಯ ಒಂದು ಪಾಲು 1,600 ಹರ್ಟ್ಸ್‌ನೊಳಗೇ ಇರಬೇಕು. ವಯಸ್ಸಾದವರ ಕಿವಿಗೆ ಮೊದಲು ತಪ್ಪಿಹೋಗುವುದು ಮೇಲಿನ ಸ್ವರಗಳು. ಕಾರು ಬರುತ್ತಿದೆಯೋ ನಿಲ್ಲುತ್ತಿದೆಯೋ ಎಂಬುದನ್ನು ಸ್ವರದ ಏರಿಳಿತವೇ ಹೇಳುತ್ತದೆ. ಇಲ್ಲಿ ಕೃತಕ ದನಿ ಮುಚ್ಚಿಡುವುದೇನೂ ಇಲ್ಲ, ಅದೇ ವರದಿ.

ನಮ್ಮ ರಸ್ತೆ ಸಾರಿಗೆ ಸಚಿವಾಲಯವೂ 2025ರಲ್ಲಿ ಕರಡು ನಿಯಮ ಹೊರಡಿಸಿದೆ: ಹೊಸ ಮಾದರಿಗಳಿಗೆ 2026ರ ಅಕ್ಟೋಬರಿನಿಂದ, ಈಗಾಗಲೇ ತಯಾರಾಗುತ್ತಿರುವ ಮಾದರಿಗಳಿಗೆ ಮರುವರ್ಷ. ಅಂತರರಾಷ್ಟ್ರೀಯ ನಿಯಮ ಕೇಳುವ ಕನಿಷ್ಠ ಸದ್ದು 20 ಕಿಲೋಮೀಟರ್ ವೇಗದಲ್ಲಿ 56 ಡೆಸಿಬೆಲ್. ಹಾರ್ನ್ ಒತ್ತಿಯೇ ಮುಂದೆ ಸಾಗುವ ಕೆ.ಆರ್. ಮಾರುಕಟ್ಟೆಯಲ್ಲಿ ಅದು ಯಾರ ಕಿವಿಗೂ ಬೀಳದು. ಬಡಾವಣೆಯ ಅಡ್ಡರಸ್ತೆಯಲ್ಲಿ, ರಿವರ್ಸ್ ಬರುವ ಕಾರಿಗೆ ಕೆಲಸ ಮಾಡೀತು. ಕರಡು ಹೆಸರಿಸಿರುವುದು ಎಂ ಮತ್ತು ಎನ್ ವರ್ಗಗಳನ್ನು, ಅಂದರೆ ಕಾರು, ಬಸ್ಸು, ಲಾರಿಗಳನ್ನು. ಅದೇ ಅಡ್ಡರಸ್ತೆಯಲ್ಲಿ ಬೆನ್ನಹಿಂದೆ ಬಂದು ಬೆಚ್ಚಿಬೀಳಿಸುವುದು ಹೆಚ್ಚಾಗಿ ಡೆಲಿವರಿ ಹುಡುಗರ ಎಲೆಕ್ಟ್ರಿಕ್ ಸ್ಕೂಟರು. ಅದರ ಟೈರು ಸಣ್ಣದು, ತೂಕ ಕಡಿಮೆ. ಇಪ್ಪತ್ತರ ವೇಗ ದಾಟಿದ ಮೇಲೂ ಕಾರಿನಷ್ಟು ಟೈರಿನ ಸದ್ದು ಅದರಿಂದ ಹೊರಡುವುದಿಲ್ಲ.